ಮಟ್ಟ ನೋಡಿ ಎಣ್ಣೆ ತುಂಬುವ ಶಿವಗಂಗಾ

ವರ್ತೂರು ಕೆರೆಯ ಕಡೆಯಿಂದ ಬರುವ ಗಾಳಿಗೆ ಇನ್ನೂ ಬಿಸಿಲು ತಾಗಿಲ್ಲ. ಗುಂಜೂರು ರಸ್ತೆ ಬದಿಯ ತಗಡಿನ ಶೆಡ್ಡಿನಲ್ಲಿ ದೊಡ್ಡದೊಂದು ಬಿಳಿ ಎಸ್‌ಯುವಿ ಮೂತಿ ಮೇಲೆ ಮಾಡಿಕೊಂಡು ನಿಂತಿದೆ, ಬಾನೆಟ್ ತೆರೆದಿದೆ. ಪ್ಲಾಸ್ಟಿಕ್ ಸ್ಟೂಲ್ ಹತ್ತಿದ ಶಿವಗಂಗಾ ರೇಡಿಯೇಟರಿನ ಮುಚ್ಚಳದ ಮೇಲೆ ಮೊದಲು ಅಂಗೈ ಇಡುತ್ತಾರೆ. ತಣ್ಣಗಿದೆ. ಆಮೇಲೆ ಬಟ್ಟೆ ಸುತ್ತಿ ಅರ್ಧ ತಿರುಗಿಸಿ, ಒಂದು ಗಳಿಗೆ ಕಾದು, ಮತ್ತೆ ತಿರುಗಿಸುತ್ತಾರೆ. ಸೀರೆಯ ಮೇಲೆ ಗಂಡನ ಹಳೆಯ ಖಾಕಿ ಅಂಗಿ ತೊಟ್ಟಿದ್ದಾರೆ, ತೋಳು ಮೊಣಕೈವರೆಗೆ ಮಡಿಚಿದೆ.

"ಎಂಜಿನ್ ರಾತ್ರಿಯೆಲ್ಲ ಆರಿರಬೇಕ್ರಿ. ಬಿಸಿ ಇದ್ದಾಗ ಇದನ್ನ ಬಿಚ್ಚಿದ್ರ ಕುದಿಯೋ ನೀರು ಮಾರಿಗೆ ಹಾರತೈತಿ. ಅದಕ್ಕ ನಾನು ಹೊತ್ತು ಹುಟ್ಟೂಕಿಂತ ಮೊದಲ ಬರ್ತೀನಿ" ಎನ್ನುತ್ತಾರೆ ಅವರು, ಕಣ್ಣು ಮುಚ್ಚಳದ ಮೇಲಿಟ್ಟುಕೊಂಡೇ.

ಇವತ್ತು ಬೇಗ ಬರಲು ಇನ್ನೂ ಒಂದು ಕಾರಣವಿದೆ. ಕಳೆದ ಮಳೆಗಾಲದಲ್ಲಿ ಇದೇ ಗಾಡಿಗೆ ಶಿವಗಂಗಾ ಎಣ್ಣೆ ಕಡಿಮೆ ತುಂಬಿದ್ದರು. ಗಾಡಿ ನಡುದಾರಿಯಲ್ಲಿ ಕೈಕೊಟ್ಟಿತ್ತು. ಅಂದಿನಿಂದ ಶೆಡ್ಡಿನ ಮಾಲೀಕ ಮುನಿರಾಜು ಶಿವಗಂಗಾ ಕೈಗೆ ಸ್ಪ್ಯಾನರ್ ಕೊಟ್ಟಿರಲಿಲ್ಲ. ಇವತ್ತು ಕೊಟ್ಟಿದ್ದಾರೆ, ಜೊತೆಗೆ ಒಂದು ಮಾತನ್ನೂ ಕೊಟ್ಟಿದ್ದಾರೆ. "ನೋಡಮ್ಮ, ಈ ಗಾಡಿ ನೆಟ್ಟಗ್ ಓಡಿದ್ರೆ ಇನ್ಮೇಲೆ ಗಾಡಿಗಳ್ ಕೆಳಗಿನ್ ಕೆಲ್ಸ ಎಲ್ಲಾ ನಿಂದೇ. ಇಲ್ಲಾಂದ್ರೆ ಗಾಡಿ ತೊಳ್ಕೊಂಡಿರು. ಇನ್ನೊಂದ್ಸಲ ಬಂದು ಕೇಳ್ಬೇಡ."

ಹೀಗಾಗಿ ಈ ಮುಂಜಾವು ಶಿವಗಂಗಾ ಪಾಲಿಗೆ ಪರೀಕ್ಷೆಯೇ ಸರಿ. ಆದರೆ ಅವರ ಮುಖದಲ್ಲಿ ಅಳುಕಿಲ್ಲ. ಹಠವಿದೆ.

ನಮ್ಮ ಐಟಿ ಊರಿನವರ ಗಾಡಿ ಪ್ರೀತಿ ಎಂಥದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ. ಬಾನೆಟ್ ಮೇಲೆ ಕಾಗೆ ಹಿಕ್ಕೆ ಹಾಕಿದರೆ ಮನೆಮಂದಿಯೆಲ್ಲ ಬಟ್ಟೆ ಹಿಡಿದು ಓಡಿ ಬರುತ್ತಾರೆ. ಹೊಸ ಗಾಡಿಯ ಸೀಟಿನ ಪ್ಲಾಸ್ಟಿಕ್ ಕವರ್ ಹಬ್ಬ ಕಳೆದರೂ ತೆಗೆಯುವುದಿಲ್ಲ. ಎಂಜಿನ್ ಆಯಿಲ್ ಬದಲಾಯಿಸಬೇಕೆಂಬುದು ಎಲ್ಲರಿಗೂ ಗೊತ್ತು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಗಳಲ್ಲಿ ಅದೊಂದೇ ಎಣ್ಣೆಯಲ್ಲ. ಗೇರ್‌ಬಾಕ್ಸಿಗೊಂದು ಎಣ್ಣೆ, ಶಕ್ತಿಯನ್ನು ಹಿಂದೆ ಮುಂದೆ ಹಂಚುವ ಪೆಟ್ಟಿಗೆಗೊಂದು ಎಣ್ಣೆ, ಮುಂದಿನ ಚಕ್ರಗಳ ನಡುವಿನ ಡಿಫರೆನ್ಷಿಯಲ್ಲಿಗೊಂದು, ಹಿಂದಿನದಕ್ಕೊಂದು. ಇವೆಲ್ಲ ಗಾಡಿಯ ಹೊಟ್ಟೆಯ ಕೆಳಗಿವೆ, ಕೆಸರು ಮೆತ್ತಿಕೊಂಡು ಯಾರ ಕಣ್ಣಿಗೂ ಬೀಳದೆ ತಿರುಗುತ್ತಿರುತ್ತವೆ. ಅಲ್ಲಿ ಮಲಗಿ ಕೆಲಸ ಮಾಡುವವರೂ ಯಾರ ಕಣ್ಣಿಗೂ ಬೀಳುವುದಿಲ್ಲ.

ಶಿವಗಂಗಾ ಎಂಜಿನ್ ತಂಪಾಗಿಡುವ ನೀರು, ಹಳೆಯ ಕೂಲೆಂಟನ್ನು ಕ್ಯಾನಿಗೆ ಹಿಡಿಯುತ್ತಾರೆ. ಒಂದು ಹನಿಯನ್ನೂ ಚರಂಡಿಗೆ ಬಿಡುವುದಿಲ್ಲ. "ಇದು ಸಿಹಿ ಇರತೈತ್ರಿ. ನಾಯಿ ನೆಕ್ಕತಾವು, ನೆಕ್ಕಿದ್ರ ಸಾಯ್ತಾವು" ಎನ್ನುತ್ತಾರೆ. ಹೊಸದನ್ನು ತುಂಬಿ ಎಂಜಿನ್ ಚಾಲೂ ಮಾಡಿ, ಒಳಗಿನ ಹೀಟರ್ ತಿರುಗಿಸಿ, ದಪ್ಪ ರಬ್ಬರ್ ಪೈಪನ್ನು ಹಸುವಿನ ಮೊಲೆ ಹಿಂಡುವ ಹಾಗೆ ಹಿಂಡುತ್ತಾ ನಿಲ್ಲುತ್ತಾರೆ. ರೇಡಿಯೇಟರಿನ ಬಾಯಿಯಿಂದ ಗುಳುಗುಳು ಗುಳ್ಳೆ ಬರುತ್ತದೆ. ಒಳಗೆ ಗಾಳಿ ಉಳಿದರೆ ನೀರು ಸುತ್ತುವುದಿಲ್ಲ, ಎಂಜಿನ್ ಕಾಯುತ್ತದೆ. ಗಾಳಿ ಮೇಲಕ್ಕೆ ಏರಿ ಹೊರಬೀಳಬೇಕಾದರೆ ಗಾಡಿಯ ಮೂತಿ ಎತ್ತರದಲ್ಲಿರಬೇಕು. ಈ ಶೆಡ್ಡಿನ ನೆಲ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಒಳಗಿನಿಂದ ರಸ್ತೆಯ ಚರಂಡಿಯ ಕಡೆಗೆ ಇಳಿಜಾರು. ಗಾಡಿ ನೇರವಾಗಿ ಒಳಗೆ ಬಂದು ನಿಂತರೆ ಮೂತಿ ಮೇಲೆ, ಹಿಂಭಾಗ ಕೆಳಗೆ.

ಆ ಇಳಿಜಾರು ತಾನಾಗಿ ಬಂದದ್ದಲ್ಲ. ಅದನ್ನು ಹಾಕಿದ್ದು ಇದೇ ಶಿವಗಂಗಾ.

ಕುಷ್ಟಗಿ ಕಡೆಯಿಂದ ಗಂಡ ಬಸಲಿಂಗ ಅವರೊಂದಿಗೆ ಬಂದಾಗ ಅವರಿಗೆ ಗೊತ್ತಿದ್ದದ್ದು ಗಾರೆ ಕೆಲಸ. ವರ್ತೂರು, ಬೆಳ್ಳಂದೂರು, ಕುಂದಲಹಳ್ಳಿ ಎಂದು ಅಪಾರ್ಟ್‌ಮೆಂಟ್ ಎದ್ದಲ್ಲೆಲ್ಲ ಬಾಣಲಿ ಹೊತ್ತಿದ್ದಾರೆ. ಮೊದಮೊದಲು ಕಲ್ಲು ಮಣ್ಣು ಹೊರುವುದು, ಆಮೇಲೆ ನೆಲ ಹಾಕುವವರ ಹಿಂದೆ ನಿಂತು ಕೈಕೆಲಸ. ನೋಡುತ್ತಾ ನೋಡುತ್ತಾ ತಾವೇ ಕರಣೆ ಹಿಡಿದರು. ಹೆಂಗಸರಿಗೆ ಕರಣೆ ಕೊಡುವ ಮೇಸ್ತ್ರಿಗಳು ಕಡಿಮೆ, ಬಸಲಿಂಗ ಮೇಸ್ತ್ರಿಯಾದ್ದರಿಂದ ಅವರ ಪಾಲಿಗೆ ಅದು ದಕ್ಕಿತು. "ಮನಿಯೊಳಗ ಏನೇ ಜಗಳ ಇರಲಿ, ನೆಲ ಹಾಕೋದ್ರಾಗ ನಮ್ಮಾಕಿ ಮಾತು ನಾನು ಮೀರಾಂಗಿಲ್ಲ" ಎಂದು ಬಸಲಿಂಗ ನಗುತ್ತಾರೆ. ಅವರು ಇವತ್ತಿಗೂ ಕಟ್ಟಡದ ಕೆಲಸದಲ್ಲೇ ಇದ್ದಾರೆ.

ಮುನಿರಾಜು ವರ್ತೂರಿನ ಹಳೆಯ ಮನೆತನದವರು. ಶೆಡ್ಡಿಗೆ ಕಾಂಕ್ರೀಟ್ ನೆಲ ಬೇಕೆಂದು ಈ ಗಂಡ ಹೆಂಡತಿಯನ್ನು ಕರೆಸಿದ್ದರು. ಗಾಡಿ ತೊಳೆದ ನೀರು, ಚೆಲ್ಲಿದ ಎಣ್ಣೆ ಒಂದು ಹನಿಯೂ ನಿಲ್ಲಬಾರದು ಎಂಬುದು ಅವರ ಕರಾರು. ಗಾರೆಯವರು ಇಳಿಜಾರಿಗೆ ‘ವಾಟ’ ಎನ್ನುತ್ತಾರೆ. ನೀರು ತುಂಬಿದ ಪಾರದರ್ಶಕ ಪೈಪ್ ಒಂದನ್ನು ಈ ತುದಿಯಿಂದ ಆ ತುದಿಗೆ ಹಿಡಿದು, ಎರಡೂ ಕಡೆ ನೀರು ಎಷ್ಟು ಎತ್ತರಕ್ಕೆ ನಿಲ್ಲುತ್ತದೆಂದು ನೋಡಿ ವಾಟ ಗುರುತಿಸುತ್ತಾರೆ. ಶಿವಗಂಗಾ ಹಾಗೇ ನೋಡಿ ಹಾಕಿದರು. ನೆಲ ಒಣಗಿದ ಮೇಲೆ ಮುನಿರಾಜು ಬಕೆಟ್ ನೀರು ಸುರಿದರು. ಎಲ್ಲೂ ನಿಲ್ಲದೆ ಸರಸರನೆ ಚರಂಡಿಗೆ ಹೋಯಿತು. ಖುಷಿಯಾದ ಮುನಿರಾಜು, ಗಾಡಿ ತೊಳೆಯಲು ಜನ ಬೇಕು, ಇಲ್ಲೇ ಇರ್ತೀಯೇನಮ್ಮ ಎಂದರು. ದಿನವೂ ಹೊಸ ಕಟ್ಟಡ ಹುಡುಕುವುದಕ್ಕಿಂತ ಇದೇ ಮೇಲೆಂದು ಶಿವಗಂಗಾ ಉಳಿದರು.

ತೊಳೆಯಲು ಬಂದವರು ಕೆಳಗೆ ನುಸುಳಿದ್ದು ಹೇಗೆ ಎಂದರೆ ಮುನಿರಾಜು ತಮ್ಮ ಹೊಟ್ಟೆ ತಟ್ಟಿ ತೋರಿಸುತ್ತಾರೆ. "ನಂಗೆ ಬಗ್ಗಕ್ಕಾಯ್ತಿರ್ಲಿಲ್ಲ. ಇವಮ್ಮ ಸಳಕ್ ಅಂತ ಒಳೀಕ್ ಓಗ್ಬಿಡೋಳು. ಆ ಬೋಲ್ಟ್ ಬಿಚ್ಚು ಅಂದ್ರೆ ಬಿಚ್ಚೋಳು. ಅಂಗೇ ಕಲ್ತ್ಬಿಟ್ಲು."

ಕಲಿತದ್ದೇನೋ ಸರಿ, ಗಿರಾಕಿಗಳನ್ನು ಒಪ್ಪಿಸುವುದು ಸುಲಭವಿರಲಿಲ್ಲ. ಗಾಡಿಯಡಿಯಿಂದ ಮೊದಲು ಬಳೆ, ಆಮೇಲೆ ಸ್ಪ್ಯಾನರ್ ಹೊರಬಂದರೆ ಕೆಲವರು ಫೋನ್ ಮಾತು ಅರ್ಧಕ್ಕೆ ನಿಲ್ಲಿಸುತ್ತಿದ್ದರು. ಬೇರೆ ಯಾರೂ ಇಲ್ವಾ ಎಂದು ಕೇಳುತ್ತಿದ್ದರು. "ಬ್ಯಾರೆದವರು ಅದಾರ್ರಿ, ಅವರೂ ನನ್ನನ್ನ ಕರೀತಾರ ಅಂತಿದ್ದೆ" ಎಂದು ಶಿವಗಂಗಾ ನಗುತ್ತಾರೆ. ಬೇಸಿಗೆಯಲ್ಲಿ ಗಾಡಿಯ ಹೊಟ್ಟೆಯ ಕಾವು ಮುಖಕ್ಕೆ ಬಡಿಯುತ್ತದೆ, ಮಳೆಗಾಲದಲ್ಲಿ ಕೆಸರು ಕಣ್ಣಿಗೆ ತೊಟ್ಟಿಕ್ಕುತ್ತದೆ. ಗೇರ್ ಎಣ್ಣೆಯ ಗಂಧಕದ ವಾಸನೆ ಎಷ್ಟು ಸೋಪು ಹಾಕಿದರೂ ಕೈ ಬಿಡುವುದಿಲ್ಲ. ರೊಟ್ಟಿ ಬಡಿಯುವಾಗ ಮಗಳು ಭಾಗ್ಯಶ್ರೀ ಮೂಗು ಮುಚ್ಚಿಕೊಂಡು, ಸರಿ ನಾನೇ ಬಡೀತೀನಿ ಎಂದು ಹಿಟ್ಟು ಕಸಿದುಕೊಳ್ಳುತ್ತಾಳಂತೆ.

ಇನ್ನು ಆ ಮಳೆಗಾಲದ ಕಥೆ. ಈ ಬಿಳಿ ಗಾಡಿ ಡಾಕ್ಟರ್ ವೇಣಿ ಅವರದು. ಅವರು ದನದ ಡಾಕ್ಟರು, ಮಾಲೂರು ಸರ್ಜಾಪುರದ ಕಡೆ ಹಸು ಸಾಕಿದವರ ಮನೆಗಳಿಗೆ ಹೋಗುತ್ತಾರೆ. ಕೆಸರು ದಾರಿಗೆ ನಾಲ್ಕೂ ಚಕ್ರ ಎಳೆಯುವ ಗಾಡಿಯೇ ಬೇಕು. ಅಂದು ಶಿವಗಂಗಾ ಮೊದಲು ಕೂಲೆಂಟ್ ಬದಲಾಯಿಸಿದರು. ಮೂತಿ ಮೇಲಿದ್ದದ್ದರಿಂದ ಅದು ಸೊಗಸಾಗಿ ಮುಗಿಯಿತು. ಗಾಡಿಯನ್ನು ಅಲ್ಲಿಂದ ಕದಲಿಸದೆ ಹಿಂದಿನ ಡಿಫರೆನ್ಷಿಯಲ್ಲಿಗೂ ಎಣ್ಣೆ ತುಂಬಿಬಿಟ್ಟರು.

ಹಿಂದಿನ ಎರಡು ಚಕ್ರಗಳ ನಡುವೆ ಕುಂಬಳಕಾಯಿ ಗಾತ್ರದ ಆ ಕಬ್ಬಿಣದ ಗೋಳಕ್ಕೆ ಶಿವಗಂಗಾ ಇಟ್ಟ ಹೆಸರು ಉಂಡಿ. ಉಂಡಿಯ ಬೆನ್ನಿಗೆ ಒಂದು ತೂತಿದೆ. ಎಣ್ಣೆ ತುಂಬುತ್ತಾ ಹೋಗಿ, ಆ ತೂತಿನಿಂದ ಹೊರಗೆ ಇಳಿಯಲು ಶುರುವಾದರೆ ತುಂಬಿತೆಂದು ಲೆಕ್ಕ. ಆದರೆ ಗಾಡಿ ಮಟ್ಟವಾಗಿ ನಿಂತಿದ್ದರೆ ಮಾತ್ರ ಆ ಲೆಕ್ಕ ನಿಜ. ಹಿಂಭಾಗ ತಗ್ಗಿನಲ್ಲಿದ್ದರೆ ತೂತೂ ತಗ್ಗಿನಲ್ಲಿರುತ್ತದೆ, ಒಳಗೆ ಇನ್ನೂ ಜಾಗವಿದ್ದರೂ ಎಣ್ಣೆ ಬೇಗ ಹೊರಗೆ ಬರುತ್ತದೆ. ಅಂದೂ ಬೇಗ ಬಂತು. ತುಂಬಿತೆಂದು ಶಿವಗಂಗಾ ಬೋಲ್ಟ್ ಬಿಗಿದರು.

ಗಾಡಿ ಊರೊಳಗೆ ಚೆನ್ನಾಗಿಯೇ ಓಡಿತು. ಕೆಲವು ದಿನಗಳ ಮೇಲೆ, ಭಾರೀ ಮಳೆ ಬಂದ ಮರುದಿನ, ಬೈರಮ್ಮ ಎನ್ನುವವರ ಹಸು ಕರು ಹಾಕಲಾರದೆ ಒದ್ದಾಡುತ್ತಿದೆಯೆಂದು ವೇಣಿಯವರಿಗೆ ಕರೆ ಬಂತು. "ಮೊಣಕಾಲುದ್ದ ಕೆಸರು. ಅರ್ಧ ದಾರಿಲಿ ಹಿಂದಿಂದ ಸುಟ್ಟ ವಾಸನೆ ಬಂತು, ಕರಕರ ಅಂತ ಸದ್ದು. ಗಾಡಿ ಅಲ್ಲೇ ಬಿಟ್ಟು ಬ್ಯಾಗ್ ಎತ್ಕೊಂಡು ನಡೆದೆ. ಹೋಗೋಷ್ಟರಲ್ಲಿ ತಡವಾಗಿತ್ತು. ಹಸು ಉಳೀತು. ಕರು ಉಳೀಲಿಲ್ಲ" ಎನ್ನುತ್ತಾರೆ ವೇಣಿ.

ಮುನಿರಾಜು, ಶಿವಗಂಗಾ ಇಬ್ಬರೂ ಅಲ್ಲಿಗೆ ಹೋದರು. ನಿಧಾನವಾಗಿ ಓಡಿಸಿಕೊಂಡು ಬರೋಣವೆಂದು ಸ್ವಲ್ಪ ದೂರ ತಂದರೆ ಮತ್ತೆ ಅದೇ ವಾಸನೆ. ಕೆಳಗೆ ನುಸುಳಿದ ಶಿವಗಂಗಾ ಉಂಡಿಯ ಮೇಲೆ ಅಂಗೈ ಇಟ್ಟರು. ಬೊಬ್ಬೆ ಎದ್ದಿತು. ಆ ಕಲೆ ಇನ್ನೂ ಇದೆ, ಕೇಳಿದರೆ ತೋರಿಸುತ್ತಾರೆ.

ಶೆಡ್ಡಿಗೆ ಎಳೆದು ತಂದು ಎಣ್ಣೆ ಇಳಿಸಿದರೆ ಇರಬೇಕಾದಷ್ಟು ಇರಲಿಲ್ಲ. ಸೋರಿದೆಯೇ ಎಂದರೆ ಎಲ್ಲ ಕಡೆ ಒಣಗಿದ ಧೂಳು. ಹಾಗಾದರೆ ಎಣ್ಣೆ ಎಲ್ಲಿ ಹೋಯಿತು? ತಲೆಗೆ ಕೈಹೊತ್ತು ಕೂತಿದ್ದ ಶಿವಗಂಗಾ ಅವರ ಕಾಲ ಪಕ್ಕದಲ್ಲೇ, ಬೇರೊಂದು ಗಾಡಿ ತೊಳೆದ ನೀರು ಹರಿದು ಬಂತು. ಎಲ್ಲೂ ನಿಲ್ಲದೆ, ಸರಸರನೆ, ಅವರೇ ಕೊಟ್ಟ ವಾಟದಲ್ಲಿ ಚರಂಡಿಗೆ ಹೋಯಿತು.

"ಆ ನೀರು ನೋಡಿದಾಗ ತಿಳೀತ್ರಿ. ಎಣ್ಣಿ ಎಲ್ಲೂ ಹೋಗಿಲ್ಲ, ಒಳಗ ಹೋಗೇ ಇಲ್ಲ. ವಾಟ ಕೊಟ್ಟಾಕಿ ನಾನು, ಮರತಾಕಿನೂ ನಾನು. ಬ್ಯಾರೆದವರು ಮರತ್ರ ಗೊತ್ತಿರಲಿಲ್ಲ ಅನ್ನಬಹುದಿತ್ತು. ನಾನು ಹ್ಯಾಂಗ ಅನ್ನಲಿ?"

ಆ ಹೊತ್ತಿಗೆ ವೇಣಿ ಶೆಡ್ಡಿಗೆ ಬಂದಿದ್ದರು. ಎಣ್ಣೆ ತಡೆಯುವ ಸೀಲ್ ಹೋಗಿತ್ತು, ಗಾಡಿ ಮಾಡಿದವರದೇ ತಪ್ಪು ಎಂದು ಮುನಿರಾಜು ತೇಲಿಸಲು ನೋಡುತ್ತಿದ್ದರು. ಶಿವಗಂಗಾ ಎದ್ದು ಬಂದು, "ಸೀಲ್ ಅಲ್ರಿ ಮೇಡಮ್ಮಾರ. ನಾನೇ ಕಮ್ಮಿ ತುಂಬೀನಿ" ಎಂದುಬಿಟ್ಟರು. ಬೇರಿಂಗು ಬದಲಾಯಿಸಿ ಗಾಡಿ ಕೊಟ್ಟ ದಿನವೇ ಮುನಿರಾಜು ಸ್ಪ್ಯಾನರ್ ಕಿತ್ತುಕೊಂಡು ಗಾಡಿ ತೊಳೆಯುವ ಪೈಪ್ ಕೊಟ್ಟರು. ಅವರು ಅದನ್ನು ಮುಚ್ಚಿಡುವುದಿಲ್ಲ. "ತಪ್ಪು ಮಾಡಿದ್ಕಲ್ಲ ನಂಗೆ ಸಿಟ್ಟು. ಗಿರಾಕಿ ಮುಂದೆ ನನ್ ಮರ್ಯಾದೆ ತೆಗುದ್ಲಲ್ಲ ಅಂತ. ಇವಾಗ ಯೋಚ್ನೆ ಮಾಡಿದ್ರೆ ಅವಳ್ದೇ ಸರಿ ಅನ್ಸುತ್ತೆ ಬಿಡಿ."

ಇನ್ನೊಬ್ಬರಾಗಿದ್ದರೆ ಗಂಟುಮೂಟೆ ಕಟ್ಟುತ್ತಿದ್ದರು. ಶಿವಗಂಗಾ ಮರುದಿನವೂ ಬಂದರು, ಗಾಡಿ ತೊಳೆದರು. ಒಂದು ವಾರ ಕಳೆದ ಮೇಲೆ ಬಸಲಿಂಗ ಅವರ ಗಾರೆ ಚೀಲದಿಂದ ವಾಟ ನೋಡುವ ಆ ಪೈಪ್ ತಂದು ಶೆಡ್ಡಿನ ಮೊಳೆಗೆ ನೇತುಹಾಕಿದರು. ಯಾವುದೇ ಗಾಡಿಯ ಹಿಂದಿನ ಎಣ್ಣೆ ಬದಲಾಯಿಸಲು ಮುನಿರಾಜು ಹೊರಟರೆ, ಕೇಳದಿದ್ದರೂ ಪೈಪ್ ಹಿಡಿದು ಬಂದು ನಿಲ್ಲುತ್ತಿದ್ದರು. "ಅಣ್ಣಾರ, ಹಿಂದ ತಗ್ಗು ಐತಿ. ಹಲಗಿ ಕೊಡ್ರಿ." ಮುನಿರಾಜು ಗದರುತ್ತಿದ್ದರು. ಆಮೇಲಾಮೇಲೆ ಗೊಣಗುತ್ತಿದ್ದರು. ಈಗ ಅವರೇ, ಆ ಪೈಪ್ ಎಲ್ಲಮ್ಮ, ತತ್ತಾ ಎಂದು ಕೂಗುತ್ತಾರೆ.

ಇತ್ತೀಚೆಗೆ ವೇಣಿ ಮತ್ತೆ ಬಂದರು. ಎಲ್ಲ ಎಣ್ಣೆ, ಕೂಲೆಂಟ್ ಬದಲಾಯಿಸಬೇಕು, ಮಳೆ ಶುರುವಾಗುವ ಮೊದಲು ಗಾಡಿ ಸಿದ್ಧವಿರಬೇಕು ಎಂದರು. ನಾನೇ ನಿಂತು ಮಾಡಿಸ್ತೀನಿ ಮೇಡಂ ಎಂದು ಮುನಿರಾಜು ಹೇಳಿದರೆ ವೇಣಿ ಬೇಡವೆಂದು ತಲೆಯಾಡಿಸಿದರು. "ಅಕ್ಕನೇ ಮಾಡ್ಲಿ. ಒಂದು ಕರು ಹೋಗಿದೆ ಅಂತ ಅವ್ರಿಗೆ ಗೊತ್ತು. ಈ ಗಾಡಿನ ಅವ್ರಷ್ಟು ಹುಷಾರಾಗಿ ಇನ್ಯಾರು ನೋಡ್ತಾರೆ?"

ಹಾಗಾಗಿ ಇವತ್ತು ಈ ಮುಂಜಾವು.

ಕೂಲೆಂಟಿನ ಗುಳ್ಳೆ ನಿಂತು ಮುಚ್ಚಳ ಹಾಕಿದ ಮೇಲೆ ಮುನಿರಾಜು ಗಾಡಿಯನ್ನು ರಸ್ತೆಗೆ ಒಯ್ದು ಒಂದು ಸುತ್ತು ಹಾಕಿ ತರುತ್ತಾರೆ. ಎಣ್ಣೆ ಬೆಚ್ಚಗಾದರೆ ಕೊಳೆಯನ್ನೂ ಹೊತ್ತುಕೊಂಡು ಇಳಿಯುತ್ತದೆ. ಹಿಂದಿನ ಚಕ್ರಗಳ ಕೆಳಗೆ ಹಲಗೆ ಬೀಳುತ್ತದೆ, ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟಾಗುತ್ತದೆ. ಶಿವಗಂಗಾ ಪೈಪಿನ ಒಂದು ತುದಿಯನ್ನು ಮುಂದಿನ ಚಕ್ರದ ನಡುಮಧ್ಯಕ್ಕೆ ತಂತಿಯಿಂದ ಕಟ್ಟಿ, ಇನ್ನೊಂದು ತುದಿ ಹಿಡಿದು ಹಿಂದಿನ ಚಕ್ರದ ಬಳಿ ಕೂರುತ್ತಾರೆ. ನೀರು ತೂಗಿ ತೂಗಿ ನಿಲ್ಲುತ್ತದೆ. ಇನ್ನೊಂದು ಹಲಗೆ. ಮತ್ತೆ ನೋಡುತ್ತಾರೆ. ಈಗ ಎರಡೂ ಕಡೆ ಒಂದೇ ಮಟ್ಟ.

ಆಮೇಲೆ ಅವರು ಕೆಳಗೆ ಮಾಯವಾಗುತ್ತಾರೆ. ಕಾಲು ಮಾತ್ರ ಕಾಣುತ್ತದೆ, ಮಾತು ಕೇಳುತ್ತದೆ. "ಮೊದಲು ತುಂಬೋ ಬೋಲ್ಟ್ ಬಿಚ್ಚಬೇಕ್ರಿ, ಆಮ್ಯಾಲ ಇಳಿಸೋದು. ಎಣ್ಣಿ ಇಳಿಸಿ ಆಮ್ಯಾಲ ಮ್ಯಾಲಿನ ಬೋಲ್ಟ್ ಬರಲಿಲ್ಲ ಅಂದ್ರ ಗಾಡಿ ಇಲ್ಲೇ ಕೂತಂಗ." ಹಳೆಯ ಎಣ್ಣೆ ಕಪ್ಪಗೆ ದಾರವಾಗಿ ಬಾಂಡ್ಲಿಗೆ ಬೀಳುತ್ತದೆ. ಕೆಳಗಿನ ಬೋಲ್ಟಿನ ತುದಿಯ ಅಯಸ್ಕಾಂತಕ್ಕೆ ಅಂಟಿದ ಕಬ್ಬಿಣದ ನುಣ್ಣನೆಯ ಮಡ್ಡಿಯನ್ನು ಬೆರಳಲ್ಲಿ ಉಜ್ಜಿ, ಚೂರು ಗೀರು ಇಲ್ಲವೆಂದು ಖಾತ್ರಿ ಮಾಡಿಕೊಂಡು ಒರೆಸುತ್ತಾರೆ. ಬೋಲ್ಟ್ ಬಿಗಿದು ಹೊಸ ಎಣ್ಣೆ ಪಂಪ್ ಮಾಡತೊಡಗುತ್ತಾರೆ.

ಸ್ವಲ್ಪ ಹೊತ್ತಿಗೆ ತೂತಿನಿಂದ ಎಣ್ಣೆ ಸಣ್ಣಗೆ ಇಳಿಯುತ್ತದೆ.

"ತುಂಬ್ತು. ಮುಚ್ಚಮ್ಮ" ಎನ್ನುತ್ತಾರೆ ಮುನಿರಾಜು. ಅವರಿಗೆ ಅವಸರ, ವೇಣಿಯವರು ರಸ್ತೆಯಲ್ಲಿ ನಿಂತು ಗಡಿಯಾರ ನೋಡುತ್ತಿದ್ದಾರೆ.

ಪಂಪ್ ಮಾಡುವ ಸದ್ದು ನಿಂತಿದೆ. ಶಿವಗಂಗಾ ಕ್ಯಾನ್ ಎತ್ತಿ ತೂಗಿ ನೋಡುತ್ತಿದ್ದಾರೆ. "ಇಲ್ಲ ಅಣ್ಣಾರ. ಕ್ಯಾನ್ ಇನ್ನೂ ಭಾರ ಐತಿ."

"ಒರಗಡೀಕ್ ಬತ್ತೈತಲ್ಲಮ್ಮ ಎಣ್ಣೆ!"

"ಹೋದ ಸಲಾನೂ ಬಂದಿತ್ರಿ."

ಹೊರಗೆ ಬಂದವರೇ ಪೈಪ್ ಹಿಡಿದು ಕೂರುತ್ತಾರೆ. ಹಿಂದಿನ ಚಕ್ರದ ಕಡೆ ನೀರು ಚಕ್ರದ ನಡುಮಧ್ಯಕ್ಕಿಂತ ಮೇಲೆ ನಿಂತಿದೆ, ಎಂದರೆ ಗಾಡಿಯ ಹಿಂಭಾಗ ಇಳಿದಿದೆ. ಬಗ್ಗಿ ನೋಡಿದರೆ ಕೆಳಗಿನ ಹಲಗೆ ಭಾರಕ್ಕೆ ಸೀಳಿ ಕುಸಿದಿದೆ. ಮುನಿರಾಜು ತಾವೇ ಜಾಕ್ ತಂದು ಕೊಡುತ್ತಾರೆ. ಗಾಡಿ ಎತ್ತಿ, ಸೀಳಿದ ಹಲಗೆ ಎಸೆದು, ಗಟ್ಟಿ ದಿಮ್ಮಿ ಇಟ್ಟು, ಮತ್ತೆ ಪೈಪ್. ನೀರು ಮಟ್ಟಕ್ಕೆ ಬಂದ ಮೇಲೆ ಪಂಪ್ ಮಾಡಿದರೆ ಉಂಡಿ ಇನ್ನಷ್ಟು ಎಣ್ಣೆ ಕುಡಿಯುತ್ತದೆ. ಕೊನೆಗೆ ತೂತಿನ ತುಟಿಯಿಂದ ಎಣ್ಣೆ ಇಳಿಯುವಾಗ ಕ್ಯಾನ್ ಹಗುರವಾಗಿದೆ. ಶಿವಗಂಗಾ ಆಗ ಬೋಲ್ಟ್ ಬಿಗಿಯುತ್ತಾರೆ.

ಉಳಿದ ಪೆಟ್ಟಿಗೆಗಳಿಗೂ ಎಣ್ಣೆ ತುಂಬುವ ಹೊತ್ತಿಗೆ ಬಿಸಿಲೇರಿದೆ. ವೇಣಿ ಸ್ಟೀರಿಂಗ್ ಹಿಡಿದು, ಪಕ್ಕದಲ್ಲಿ ಶಿವಗಂಗಾ, ಹಿಂದೆ ಮುನಿರಾಜು ಕೂತು ಗುಂಜೂರಿನ ಆಚೆಯ ಹೊಸ ಲೇಔಟಿನ ಮಣ್ಣುದಿಣ್ಣೆಗೆ ಹೋಗುತ್ತಾರೆ. ಟ್ಯಾಂಕರ್ ಓಡಾಡಿ ಕೆಸರಾಗಿರುವ ಏರು. ವೇಣಿ ಕರುಣೆ ತೋರಿಸುವುದಿಲ್ಲ. ಹತ್ತಿಸುತ್ತಾರೆ, ಇಳಿಸುತ್ತಾರೆ, ಮತ್ತೆ ಹತ್ತಿಸುತ್ತಾರೆ. ಎಂಜಿನ್ ಶಾಖ ತೋರಿಸುವ ಮುಳ್ಳು ನಡುವಿನಿಂದ ಅಲ್ಲಾಡುವುದಿಲ್ಲ. ಶಿವಗಂಗಾ ಮುಳ್ಳನ್ನೂ ನೋಡುತ್ತಿಲ್ಲ, ದಾರಿಯನ್ನೂ ನೋಡುತ್ತಿಲ್ಲ. ಕಿಟಕಿ ಇಳಿಸಿ ಮೂಗು ಹೊರಗಿಟ್ಟಿದ್ದಾರೆ. ಕೆರೆಯ ನಾತ ಬರುತ್ತಿದೆ, ಸುಟ್ಟ ವಾಸನೆ ಇಲ್ಲ.

ದಿಣ್ಣೆಯ ಮೇಲೆ ಗಾಡಿ ನಿಂತ ಕೂಡಲೇ ಅವರು ಇಳಿದು ಕೆಸರಿನಲ್ಲೇ ಮಲಗಿ ಕೆಳಗೆ ನುಸುಳುತ್ತಾರೆ. ಬೆರಳ ತುದಿಯಿಂದ ಮುಟ್ಟಿ ನೋಡಿ, ಆಮೇಲೆ ಕಲೆ ಇರುವ ಅಂಗೈಯನ್ನೇ ಉಂಡಿಯ ಮೇಲೆ ಇಡುತ್ತಾರೆ. ಬಿಸಿ ಇದೆ, ಇರಲೇಬೇಕು. ಆದರೆ ಕೈ ಇಡಬಹುದಾದ ಬಿಸಿ. ಕೈ ತೆಗೆಯುವುದಿಲ್ಲ.

"ಅಕ್ಕಾ, ಏನಾಯ್ತು?" ವೇಣಿ ಬಗ್ಗಿ ಕೇಳುತ್ತಾರೆ.

"ಏನಿಲ್ರಿ ಮೇಡಮ್ಮಾರ. ಕೈ ಇಟ್ಕೊಂಡೀನಿ" ಎಂಬ ದನಿ ಕೆಳಗಿನಿಂದ ಬರುತ್ತದೆ. ಹೊರಗೆ ಬಂದಾಗ ಮುಖದ ಕೆಸರಿನ ಮೇಲೆ ಎರಡು ಗೆರೆ ಇಳಿದಿವೆ.

ವೇಣಿ ಅಲ್ಲಿಂದಲೇ ತಮ್ಮ ದಾರಿ ಹಿಡಿಯುತ್ತಾರೆ. ಉಳಿದ ಇಬ್ಬರೂ ಆಟೊದಲ್ಲಿ ಶೆಡ್ಡಿಗೆ ಮರಳುತ್ತಾರೆ. ಕೆಳಗಿನ ಕೆಲಸವೆಲ್ಲ ಇನ್ನು ನಿಮ್ಮದೇ ಆಯಿತಲ್ಲ, ಮುಂದೆ ಏನಾಸೆ ಎಂದರೆ ಶಿವಗಂಗಾ ದೊಡ್ಡದೇನನ್ನೂ ಹೇಳುವುದಿಲ್ಲ. "ಹಲಗಿ ನಂಬಾಂಗಿಲ್ರಿ, ಇವತ್ತು ನೋಡಿದ್ರಲ್ಲ. ಒಂದು ಗಾಡಿ ನಿಲ್ಲೋವಷ್ಟು ಜಾಗ ಮಟ್ಟಾಗಿ ಬೇಕು. ಅಣ್ಣಾರು ಹೂಂ ಅಂದ್ರ ಒಂದು ಐತಾರ ಸಾಕು. ನಾನು, ನಮ್ಮನಿಯವ್ರು ಸೇರಿ ಹಾಕಿಬಿಡ್ತೀವಿ."

ಮುನಿರಾಜು ಇಷ್ಟು ಹೊತ್ತೂ ಚಹಾ ಲೋಟದಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದಾರೆ. ಲೋಟ ಕೆಳಗಿಟ್ಟು ಎದ್ದವರು ಗೂಡಿನಿಂದ ಇದ್ದಿಲಿನ ಚೂರೊಂದನ್ನು ತಂದು ಶಿವಗಂಗಾ ಕೈಗಿಡುತ್ತಾರೆ. "ಎಲ್ಲಿಂದ ಎಲ್ಲೀಗಂಟ ನೆಲ ಒಡೀಬೇಕು, ಗೆರೆ ಹಾಕು. ನಿನ್ ಜಾಗ, ನೀನೇ ತೋರ್ಸು."

ಶಿವಗಂಗಾ ಕುಕ್ಕರಗಾಲಿನಲ್ಲಿ ಕೂತು, ತಾವೇ ಕರಣೆಯಾಡಿಸಿ ನುಣುಪು ಮಾಡಿದ್ದ ನೆಲದ ಮೇಲೆ ಇದ್ದಿಲ ಗೆರೆ ಎಳೆಯುತ್ತಾ ಹಿಂದಕ್ಕೆ ಸರಿಯುತ್ತಾರೆ. ಅಲ್ಲಿ ವಾಟ ಇರದಿದ್ದರೆ ನೀರು ನಿಲ್ಲುವುದಿಲ್ಲವೇ ಎಂದು ಕೇಳಿದರೆ ತಲೆ ಎತ್ತದೆ ಹೇಳುತ್ತಾರೆ. "ನೀರು ನಿಂತ್ರ ನಿಲ್ಲಲಿ ಬಿಡ್ರಿ. ಕಸಬರಗಿ ತಗೊಂಡು ನಾನೇ ಬಳೀತೀನಿ."